ಎರಡು ಚೊಂಬು ಬೋರ್ ನೀರು

ಪದ್ಮನಾಭನಗರದ ನಮ್ಮ ಮನೆಯ ತಾರಸಿಯಲ್ಲಿ ಅತ್ತಿಗೆ ಗಾಜಿನ ತೊಟ್ಟಿಗಳಲ್ಲಿ ಸಿಹಿನೀರಿನ ಸೀಗಡಿ ಸಾಕುತ್ತಾರೆ. ತಿನ್ನುವುದಕ್ಕಲ್ಲ, ಮಾಂಸ ಬೇಯದ ಮನೆ ನಮ್ಮದು. ಅಕ್ವೇರಿಯಂ ಇಡುವವರಿಗಾಗಿ ಬೆಳೆಸುವ, ಉಗುರಿನಷ್ಟುದ್ದದ ಕೆಂಪು ಜೀವಗಳು ಅವು. ಮಸುಕಾದವನ್ನು ಬೇರ್ಪಡಿಸುತ್ತ, ಕಡುಗೆಂಪಿನವನ್ನೇ ಉಳಿಸಿಕೊಳ್ಳುತ್ತ ಮೂರು ವರ್ಷ ಕಾದು ಪಡೆದ ತಳಿ ಮೂಲೆಯ ತೊಟ್ಟಿಯಲ್ಲಿತ್ತು. ಅದನ್ನು ನಾನು ಒಂದೇ ಬೆಳಿಗ್ಗೆ ಮುಗಿಸಿಬಿಡುವುದರಲ್ಲಿದ್ದೆ. ಆ ಬಕೆಟ್ ಬಗ್ಗಿಸಿದ ಗಳಿಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅತ್ತಿಗೆ ತವರಿಗೆ ಹೊರಟಾಗ ಹೇಳಿದ್ದರು: "ಭಾನುವಾರ ತೊಟ್ಟಿ ನೀರು ಬದಲಿಸೋಕೆ ಕೆಳಗಿನ ಬೋರ್ ನಲ್ಲೀಲೇ ಹಿಡಿ. ಎರಡು ಚೊಂಬು ಸಾಕು." ನನಗೆ ಮೆಟ್ಟಿಲು ಹತ್ತಿಳಿಯಲು ಸೋಮಾರಿತನ. ಬೋರಿನ ಗಡಸು ನೀರಿಗೆ ಕೂದಲು ಉದುರುತ್ತದೆಂದು ಅಣ್ಣ ಆಗಷ್ಟೇ ಸಾಫ್ಟ್‌ನರ್ ಹಾಕಿಸಿದ್ದ. ತಾರಸಿಯ ನಲ್ಲಿಯಲ್ಲಿ ಅದರ ನೀರು. ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುವ ಬೋರ್ ನೀರಿಗಿಂತ ಇದೇ ವಾಸಿ ಎಂದುಕೊಂಡು ಅರ್ಧ ತೊಟ್ಟಿ ಬದಲಿಸಿದೆ. ನಾನು ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವನು.

ಮರುದಿನ ನಾಲ್ಕು ಸೀಗಡಿ ಮಗ್ಗುಲಾಗಿ ಬಿದ್ದಿದ್ದವು, ಬೆನ್ನಿನ ಸುತ್ತ ಬಿಳಿ ಉಂಗುರ. ಫೋಟೋ ಕಳಿಸಿದೆ. ತಕ್ಷಣ ಅತ್ತಿಗೆಯ ಫೋನು.

"ಯಾವ ನಲ್ಲಿ?"

"ಮೇಲಿಂದು."

ಅವರು ಫೋನಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿದ್ದರು.

"ಅವು ಬೆಳೆಯೋದೇ ಚಿಪ್ಪು ಕಳಚಿ ಕಣಪ್ಪಾ. ನೀರು ದಿಢೀರಂತ ಬದಲಾದ್ರೆ ಹೊತ್ತಲ್ಲದ ಹೊತ್ತಲ್ಲಿ ಕಳಚ್ತವೆ, ಆ ಬಿಳಿ ಉಂಗುರ ಚಿಪ್ಪು ಬಿರಿದ ಗುರುತು. ಹೊಸ ಚಿಪ್ಪು ಗಟ್ಟಿಯಾಗೋಕೆ ಸುಣ್ಣ ಬೇಕು. ನಿಮ್ಮಣ್ಣನ ಮಷಿನ್ನು ಅದನ್ನೇ ತೆಗೆಯುತ್ತೆ."

"ಹಂಗಾದ್ರೆ ಈಗ್ಲೇ ಬೋರ್ ನೀರು ತುಂಬಿಸ್ತೀನಿ," ಎಂದು ಬಕೆಟ್ ಎತ್ತಿದೆ.

"ಇಡು ಕೆಳಗೆ! ಇನ್ನೊಂದ್ಸಲ ಗಾಬರಿ ಬಿದ್ರೆ ಉಳಿದವೂ ಹೋಗ್ತವೆ."

ಅತ್ತಿಗೆ ನನ್ನಿಂದಲೇ ಮೆಡಿಕಲ್ ಶಾಪಿನ ಸಲೈನ್ ಟ್ಯೂಬ್ ತರಿಸಿ, ಎತ್ತರದ ಬಕೆಟ್ಟಿನಿಂದ ಬೋರ್ ನೀರನ್ನು ಹನಿಹನಿಯಾಗಿ ಇಳಿಬಿಟ್ಟರು. ಬಟ್ಟೆ ಒಣಹಾಕಲು ಬಂದ ಅಮ್ಮ ನಿಂತು ನೋಡಿದರು. "ನನ್ ಮಂಡಿನೋವಿಗೆ ಮಾತ್ರೆ ತರೋಕೆ ಇವನಿಗೆ ಮೂರ್ ದಿನ ಬೇಕು. ಇವಕ್ಕೆ ನೋಡು, ಗ್ಲೂಕೋಸು!" ಅತ್ತಿಗೆ ನಕ್ಕರು. ನನಗೆ ನಗು ಬರಲಿಲ್ಲ.

ಮೂರನೆಯ ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಮತ್ತೊಂದು ಅಲುಗಾಡದೆ ಬಿದ್ದಿತ್ತು.

"ಅತ್ತಿಗೆ, ಇನ್ನೊಂದು ಹೋಯ್ತು."

ಅವರು ಬಗ್ಗಿ ನೋಡಿದರು. "ಹೋಗಿಲ್ಲ. ಅಂಗಿ ಬಿಚ್ಚಿಟ್ಟಿದೆ ಅಷ್ಟೇ."

ಮೀಸೆಯ ಸಮೇತ ಇಡಿಯಾಗಿ ಕಳಚಿದ ಖಾಲಿ ಚಿಪ್ಪು. ಅದರ ಒಡತಿ ಪಾಚಿಯ ಹಿಂದಿನಿಂದ ನಡೆದುಬಂದು, ತಾನು ಬಿಟ್ಟದ್ದನ್ನೇ ಕಚ್ಚಿ ತಿನ್ನತೊಡಗಿತು.

ಸತ್ತದ್ದು ಆ ನಾಲ್ಕೇ. ಮುಂದಿನ ಭಾನುವಾರ ಅತ್ತಿಗೆ ಚೊಂಬನ್ನು ಮತ್ತೆ ನನ್ನ ಕೈಗೇ ಕೊಟ್ಟರು. ನಾನು ಮೆಟ್ಟಿಲಿಳಿದೆ.