ಅಕ್ಕನ ಫೋನಿಗೆ ಕನ್ನಡ ಬರುತ್ತದೆಯೇ?

ಅಂಗಡಿಯ ಗಾಜಿನ ಕಪಾಟಿನಲ್ಲಿ ಮೆರೆಯುವ ಮೊಬೈಲುಗಳಲ್ಲಿ ಹೆಚ್ಚಿನವು ಪ್ರಾಣವಿಲ್ಲದ ಪ್ಲಾಸ್ಟಿಕ್ ಬೊಂಬೆಗಳೆಂಬ ಸತ್ಯ ನಿಮಗೆ ಎಂದೋ ತಿಳಿದಿರಬಹುದು. ನನಗೆ ತಿಳಿದದ್ದು ನಾಸಿಕದ ಒಂದು ಅಂಗಡಿಯಲ್ಲಿ, ಅಂಥದೊಂದನ್ನು ಕಿವಿಗೆ ಹಿಡಿದು ಗಂಭೀರವಾಗಿ 'ಹಲೋ' ಎಂದ ಮೇಲೆ. ತೆಂಗಿನಕಾಯಿಯನ್ನು ಅಲುಗಾಡಿಸದೆ, ಶೇಂಗಾದ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳದೆ, ಬಟ್ಟೆಯ ಎಳೆಯನ್ನು ಉಗುರಿನಿಂದ ಕೆದಕದೆ ಈ ಜನ್ಮದಲ್ಲಿ ಏನನ್ನೂ ಕೊಂಡವನಲ್ಲ ನಾನು. ಬೀದರಿನ ಕಡೆಯಿಂದ ಕೈಚೀಲವೊಂದನ್ನೇ ಹಿಡಿದು ಬಂದು, ದ್ರಾಕ್ಷಿ ತೋಟಗಳಿಗೆ ಔಷಧಿ ಹೊಡೆಯುವ ಪಂಪುಗಳ ಬಿಡಿಭಾಗ ಮಾರುವ ಅಂಗಡಿಯನ್ನು ಚೌಕಾಸಿಯ ಬಲದಿಂದಲೇ ಕಟ್ಟಿದ ನನಗೆ, ಮುಟ್ಟಿ ನೋಡಲಾಗದ ಸರಕು ಎಂದರೆ ಅವಮಾನ.

"ಜೀವ ಇರೋ ಫೋನ್ ತೋರಿಸಪ್ಪಾ" ಎಂದು ಮರಾಠಿಯಲ್ಲಿ ಕೇಳಿದೆ. "ಕಾಕಾ, ಸೀಲ್ ತೋಡ್ಲಂ ಕೀ ಘ್ಯಾವಂಚ್ ಲಾಗೇಲ್" ಎಂದ ಅಂಗಡಿಯವ. ಸೀಲು ಒಡೆದರೆ ಕೊಳ್ಳಲೇಬೇಕು. ನನಗೆ ತಿಳಿಯಬೇಕಾಗಿದ್ದದ್ದು ಒಂದೇ ಸಂಗತಿ: ಆ ಫೋನಿನಲ್ಲಿ ಕನ್ನಡ ಕಾಣಿಸುತ್ತದೆಯೋ ಇಲ್ಲವೋ. ಆ ಕಾಲಕ್ಕೆ ಬಹಳಷ್ಟು ಫೋನುಗಳು ಕನ್ನಡವನ್ನು ಕಂಡರೆ ಅಕ್ಷರದ ಬದಲು ಖಾಲಿ ಚೌಕಗಳನ್ನು ಸಾಲಾಗಿ ಜೋಡಿಸಿ ಕೈತೊಳೆದುಕೊಳ್ಳುತ್ತಿದ್ದವು.

ಫೋನು ಬೇಕಾಗಿದ್ದುದು ಅಕ್ಕನಿಗೆ. ಈಗ ಸಂಭಾಜಿನಗರವಾಗಿರುವ, ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರಲ್ಲಿ, ವಾಳೂಜಿನ ಕಾರ್ಖಾನೆಯಿಂದ ನಿವೃತ್ತರಾದ ಭಾವನೊಂದಿಗೆ ಅವಳ ವಾಸ. ಎರಡು ಕಿವಿಗಳೂ ಕ್ರಮೇಣ ಮಂದವಾಗಿ, ನಾನು ಫೋನಿನಲ್ಲಿ ಅರಚಿದ್ದಕ್ಕೆಲ್ಲ ಅವಳು 'ಹೂಂ, ಹೂಂ' ಎನ್ನುತ್ತಾ ಬಂದು, ಕೊನೆಗೆ ಫೋನು ಎತ್ತುವುದನ್ನೇ ಬಿಟ್ಟಿದ್ದಳು. ಭಾವ ಮಿತಭಾಷಿ. ಅಕ್ಕ ಹೇಗಿದ್ದಾಳೆಂದು ಕೇಳಿದರೆ "ಛಲೋ ಅದಾಳ ತಮ್ಮಾ" ಎನ್ನುವರು. ಅಲ್ಲಿಗೆ ವರದಿ ಮುಗಿಯಿತು. ತಾಯಿಯ ನಂತರ ನನ್ನನ್ನು ಬೈಯುವ ಅಧಿಕಾರವಿದ್ದ ಏಕೈಕ ವ್ಯಕ್ತಿ ಹೀಗೆ ಮೂರು ಪದಗಳೊಳಗೆ ಮಾಯವಾಗುತ್ತಿದ್ದಳು. ಅವಳು ಓದಬಲ್ಲದ್ದು ಕನ್ನಡವೊಂದನ್ನೇ. ಬರೆದು ಕಳಿಸಿದರೆ ಮಾತುಂಟು, ಇಲ್ಲವಾದರೆ ಇಲ್ಲ.

ಹೀಗಾಗಿ ನಾನು ಮೊಬೈಲ್ ವಿಮರ್ಶೆಗಳ ಓದುಗನಾದೆ. ಎಂಥ ಪಾಂಡಿತ್ಯ ಅನ್ನುತ್ತೀರಿ! ಜಾಲತಾಣವೊಂದರ ವಿಮರ್ಶಕ ಮಹಾಶಯರು ಫೋನಿನ ದಪ್ಪವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆದಿದ್ದರು. ಮಬ್ಬು ಬೆಳಕಿನಲ್ಲಿ ಬೆಕ್ಕಿನ ಚಿತ್ರ ತೆಗೆದಿದ್ದರು. ಹಿಂಬದಿಯ ಮುಚ್ಚಳದ ನುಣುಪಿನ ಮೇಲೆ ಒಂದು ಇಡೀ ಪರಿಚ್ಛೇದವನ್ನೇ ಕಾವ್ಯಮಯವಾಗಿ ರಚಿಸಿದ್ದರು. ಕನ್ನಡದ ಸೊಲ್ಲಿಲ್ಲ. ನನ್ನದೊಂದು ಬಿಟ್ಟಿ ಸಲಹೆ: ವಿಮರ್ಶೆ ಎಷ್ಟು ಉದ್ದವಿದೆ ಎಂದು ನೋಡಬೇಡಿ, ನಿಮ್ಮ ಮನೆಯ ಪ್ರಶ್ನೆ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಕೆಳಗೆ ಓದುಗರಿಗೆಂದು ಬಿಟ್ಟ ಜಾಗದಲ್ಲಿ ಕೇಳಿಬಿಡಿ. ಸುಮ್ಮನೆ ಗೊಣಗುವ ಗಿರಾಕಿಗೆ ಯಾವ ಅಂಗಡಿಯಲ್ಲೂ ರಿಯಾಯಿತಿ ಸಿಗುವುದಿಲ್ಲ.

ನಾನು ಹೇಳುತ್ತಾ ಹೋದೆ, ಮಗಳು ತನ್ನ ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ನಾಸಿಕದಲ್ಲೇ ಬೆಳೆದ ಅವಳ ಕನ್ನಡ ಅರ್ಧ ದಾರಿಯಲ್ಲಿ ಮರಾಠಿಗೆ ಇಳಿದುಬಿಡುತ್ತದೆ. ನನ್ನ ಮೂರನೆಯ ವಾಕ್ಯಕ್ಕೇ ಕೈ ತೆಗೆದು, "ಪಪ್ಪಾ, ಇದು ಕಮೆಂಟ್ ಆಹೆ, ಕೋರ್ಟಿನ ನೋಟಿಸ್ ನಾಹೀ!" ಎಂದಳು. ಬೈಗುಳವನ್ನೆಲ್ಲ ಅವಳೇ ಸೋಸಿ ತೆಗೆದ ಮೇಲೆ ಉಳಿದದ್ದು ಇಷ್ಟು: 'ತಮ್ಮ ಪರೀಕ್ಷೆ ಬಹಳ ವಿವರವಾಗಿದೆ. ಆದರೆ ನನ್ನ ಅಕ್ಕನಿಗೆ ಕಿವಿ ಕೇಳದು, ಕನ್ನಡ ಮಾತ್ರ ಓದುತ್ತಾಳೆ. ದಯವಿಟ್ಟು ಈ ಫೋನಿಗೆ ಒಂದು ಕನ್ನಡ ವಾಕ್ಯ ಕಳಿಸಿ ನೋಡುವಿರಾ?' ಜೊತೆಗೆ 'ಅಕ್ಕಾ, ಊಟ ಆಯ್ತೇನು?' ಎಂಬ ವಾಕ್ಯವನ್ನೂ ಲಗತ್ತಿಸಿದೆವು.

'ಅಂಕಲ್, ಇದು ಫೋನಿನ ವಿಮರ್ಶೆ, ಭಾಷಾ ಸಮ್ಮೇಳನ ಅಲ್ಲ' ಎಂದು ಒಬ್ಬ ಓದುಗ ಕುಟುಕಿದ. ಆದರೆ ಅವನ ಕೆಳಗೇ ಇನ್ನೊಬ್ಬರು 'ಒಡಿಯಾ ಕೂಡ ನೋಡಿ', ಮತ್ತೊಬ್ಬರು 'ನಮ್ಮ ಅಜ್ಜನಿಗೆ ಮಲಯಾಳಂ' ಎಂದು ಸಾಲುಗಟ್ಟಿದರು. ವಿಮರ್ಶಕರು 'ನೋಡಿ ಹೇಳುತ್ತೇನೆ' ಎಂದರು. ನಾಳೆ ಬರುತ್ತೇನೆಂದು ಹೋದ ಗಿರಾಕಿಗಳನ್ನು ಬದುಕಿಡೀ ಕಂಡಿರುವ ನಾನು ಆಸೆ ಬಿಟ್ಟೆ.

ವಾರ ಕಳೆಯುವಷ್ಟರಲ್ಲಿ ಅಲ್ಲೊಂದು ಚಿತ್ರ ಬಂತು. ಫೋನಿನ ಪರದೆಯ ಮೇಲೆ, ಒತ್ತಕ್ಷರ ಸಮೇತ ದುಂಡಗೆ, 'ಅಕ್ಕಾ, ಊಟ ಆಯ್ತೇನು?' ಕನ್ನಡ ಬಾರದ ಆ ಪುಣ್ಯಾತ್ಮರು ಇನ್ನೊಂದು ಫೋನನ್ನೂ ಪರೀಕ್ಷಿಸಿದ್ದರು. ಅದರ ತುಂಬ ಖಾಲಿ ಚೌಕಗಳು. ಉತ್ತರದ ಆಸೆ ಬಿಟ್ಟ ಮೇಲೆ, ಅಗ್ಗವೆಂದು ನಾನು ಕೊಳ್ಳಲು ಹೊರಟಿದ್ದು ಆ ಎರಡನೆಯದನ್ನೇ! ಎದೆಯ ಮೇಲಿಂದ ಪಂಪೊಂದನ್ನು ಇಳಿಸಿದಂತಾಯಿತು.

ಕವರನ್ನು ಪುಕ್ಕಟೆ ಗಿಟ್ಟಿಸಿಕೊಂಡು ಫೋನು ಕೊಂಡು, ಒಂದು ಬುಟ್ಟಿ ದ್ರಾಕ್ಷಿಯೊಂದಿಗೆ ಅಕ್ಕನಲ್ಲಿಗೆ ಹೋದೆ. ಇಡೀ ಮಧ್ಯಾಹ್ನ ಅಕ್ಷರ ಒತ್ತುವುದನ್ನು ಕಲಿಸಿ, ಅವಳು ಬರೆದದ್ದನ್ನು ಅವಳ ಫೋನಿನಲ್ಲೇ ಓದಿ, ಶಹಭಾಸ್ ಎಂದು ಬಸ್ಸು ಹತ್ತಿದೆ. ವೈಜಾಪುರ ದಾಟುವಾಗ ನನ್ನ ಫೋನು ಗುಂಯ್ ಎಂದಿತು. ಅಕ್ಕನ ಮೊದಲ ಸಂದೇಶ! ತೆರೆದೆ. ಪರದೆಯ ತುಂಬ ಚೌಕಗಳು.

ಜಗತ್ತಿನ ವಿಮರ್ಶಕರಿಗೆಲ್ಲ ಸಮಗ್ರತೆಯ ಪಾಠ ಹೇಳಿದ ಮಹಾನುಭಾವ ತನ್ನ ಜೇಬಿನ ಫೋನನ್ನೇ ಪರೀಕ್ಷಿಸಿರಲಿಲ್ಲ. ಭಾವನಿಗೆ ಫೋನು ಹಚ್ಚಿ "ಏನು ಬರದಾಳ್ರಿ?" ಎಂದೆ. "ಸುಖರೂಪ ಮುಟ್ಟು ಅಂದಾಳ" ಎಂದರು. ಅಷ್ಟು ಚೌಕಗಳಿಗೆ ಅಷ್ಟೇ ಅರ್ಥವೆಂದು ನಂಬಲು ನನ್ನ ವ್ಯಾಪಾರಿ ಬುದ್ಧಿ ಒಪ್ಪಲಿಲ್ಲ.

ಜೋಡಿ ಕೊಂಡಿದ್ದರೆ ದಕ್ಕುತ್ತಿದ್ದ ರಿಯಾಯಿತಿಯನ್ನು ನೆನೆದು ನಿಟ್ಟುಸಿರು ಬಿಡುತ್ತಾ ಮರುದಿನವೇ ನನಗೂ ಅಂಥದೇ ಫೋನು ತಂದು, ಮತ್ತೊಮ್ಮೆ ಕಳಿಸೆಂದು ಅಕ್ಕನಿಗೆ ಬರೆದೆ. ಅಂಗಡಿಯಲ್ಲಿ ಗಿರಾಕಿಯೊಬ್ಬನಿಗೆ ವಾಷರು ಹುಡುಕುತ್ತಿದ್ದಾಗ ಬಂತು:

'ತಮ್ಮಾ, ನಿಮ್ಮ ಭಾವನ ಮಾತು ನಂಬಬ್ಯಾಡ. ಬಲಗಾಲಿನ ಮೊಣಕಾಲು ನೋಯ್ಲಾಕತ್ತದ, ಮೆಟ್ಟಲಾ ಇಳೀಲಾಕ ಆಗಲ್ಲ. ಈ ಫೋನಿನ ಬೆಳಕು ಅರ್ಧ ಓದೋದ್ರಾಗ ಆರ್ತದ. ನೀ ತಂದ ದ್ರಾಕ್ಷಿ ಹುಳಿ ಇದ್ದವು, ನಿನ್ನ ಮುಂದ ಅನ್ನಲಿಲ್ಲ. ಇಷ್ಟು ದಿನ ಫೋನಿನಾಗ ಹೂಂ ಅಂದಿದ್ದೆಲ್ಲಾ ಸುಳ್ಳು, ಒಂದೂ ಕೇಳಿಲ್ಲ. ಈಗ ಅದನ್ನೆಲ್ಲಾ ಬರದು ಕಳಸು.'

ನನ್ನ ಮುಖ ನೋಡಿ ಗಿರಾಕಿ, "ಏನು ಶೇಟ್, ಒಳ್ಳೇ ಸುದ್ದಿಯೇ?" ಎಂದು ಮರಾಠಿಯಲ್ಲಿ ಕೇಳಿದ.

"ಹೌದು," ಎಂದೆ, ಕಿವಿಯಿಂದ ಕಿವಿಗೆ ನಗುತ್ತಾ, "ನಮ್ಮ ಅಕ್ಕನ ಮೊಣಕಾಲು ನೋಯುತ್ತಿದೆಯಂತೆ."