ಅವನು ತಡೆದು ಹೇಳಿದ ಉತ್ತರ

ಬಿಟಿಎಂ ಲೇಔಟಿನಲ್ಲಿ ಅವನದೊಂದು ಬಾಡಿಗೆ ರೂಮು. ಧಾರವಾಡದ ಕಡೆಯವನು. ಪ್ರತಿ ಶನಿವಾರ ಮಧ್ಯಾಹ್ನ ನಾನು ಶ್ರೀನಗರದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಆಟೋ ಹಾರ್ನ್ ಒಳಗೆ ಬರದಿರಲೆಂದು ಕಿಟಕಿಗೆ ಅವನ ಅವ್ವ ಹೊಲಿದುಕೊಟ್ಟ ಕೌದಿ ಕಟ್ಟಿ, ಫ್ಯಾನ್ ಆರಿಸಿ, ಬೆವರು ಸುರಿಸುತ್ತಾ ಕಾರ್ಯಕ್ರಮ ರೆಕಾರ್ಡ್ ಮಾಡುತ್ತಿದ್ದೆವು. ಇಂಟರ್ನೆಟ್ಟಿನಲ್ಲಿ ಕನ್ನಡದ ಪ್ರಗತಿಪರ ರಾಜಕೀಯ ಚರ್ಚೆ ಅಂದರೆ ಆಗ ಜನ ನಗುತ್ತಿದ್ದರು. ಕೇಳುವವರು ಬೆರಳೆಣಿಕೆ. ಆದರೂ ಏನು ಜೋರು ನಮ್ಮದು! ಕೆರೆ ನುಂಗಿದವರು, ಜಾತಿ ಕೇಳಿ ಮನೆ ಕೊಡುವವರು, ಯಾರನ್ನೂ ಬಿಡುತ್ತಿರಲಿಲ್ಲ. ಮಾತು ಅವನದು. ಕೆಮ್ಮು, ತಡವರಿಕೆ ಎಲ್ಲ ಕತ್ತರಿಸಿ ಅಪ್‌ಲೋಡ್ ಮಾಡುವುದು, ಕೇಳುಗರ ಮೇಲ್‌ಗಳಿಗೆ ಉತ್ತರ ಬರೆಯುವುದು ನಾನು.

ಆ ಯುಗಾದಿಗೆ ಅವನು ಊರಿಗೆ ಹೋಗಿ ನಮ್ಮ ಮದುವೆಯ ವಿಷಯ ಅವ್ವನಿಗೆ ಹೇಳುವುದೆಂದು ಮಾತಾಗಿತ್ತು. ನಮ್ಮದು ಬೇರೆ ಬೇರೆ ಜಾತಿ. ನಮ್ಮಮ್ಮ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ "ಹೋಗ್ಲಿ, ಹುಡ್ಗ ಒಳ್ಳೇವ್ನು" ಅಂದಿದ್ದಳು. ಇನ್ನು ಉಳಿದದ್ದು ಅವನ ಮನೆ ಮಾತ್ರ.

ಅವನು ಹೊರಡುವ ಮುಂಚಿನ ಶನಿವಾರ ನಮ್ಮ ವಿಷಯ ಅಂತರ್ಜಾತಿ ಮದುವೆ. ಕುಮಾರಸ್ವಾಮಿ ಲೇಔಟಿನ ಹುಡುಗಿಯೊಬ್ಬಳು ಮೇಲ್‌ನಲ್ಲಿ ಕೇಳಿದ್ದಳು: "ಸಾರ್, ಬೇರೆಯವ್ರಿಗೆ ಹೇಳ್ತೀರಲ್ಲ, ನೀವು ಮಾಡ್ಕೋತೀರಾ?" ಅವನು ಪ್ರಶ್ನೆ ಓದಿ ಸುಮ್ಮನಾದ. ಮೈಕ್ ಮುಂದೆ ಎಂದೂ ಅಷ್ಟು ಹೊತ್ತು ಸುಮ್ಮನಿದ್ದವನಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, "ಖಂಡಿತ ಮಾಡ್ಕೋತೇನಿ. ಯಾರಿಗೂ ಅಂಜಂಗಿಲ್ಲ" ಅಂದ. ನಾನು ಎಂದಿನಂತೆ ನಡುವಿನ ಮೌನ ತೆಗೆದು ಪ್ರಶ್ನೆಗೆ ಉತ್ತರ ಜೋಡಿಸಿದೆ. ಕೇಳಿದರೆ ಪಟ್ಟನೆ ಹೇಳಿದ ಹಾಗೇ ಇತ್ತು. ಎಷ್ಟು ಖುಷಿಯಾಯಿತೆಂದರೆ, ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ.

ಹಬ್ಬ ಮುಗಿಸಿ ಬಂದವನು ರೂಮಿಗೆ ಕರೆಯಲಿಲ್ಲ, ಜಯನಗರದ ಬಸ್ ನಿಲ್ದಾಣಕ್ಕೆ ಬಾ ಅಂದ.

"ಅವ್ವನ ಮುಂದ ಬಾಯೇ ಬರ್ಲಿಲ್ಲ. ಅವ್ರು ಹುಡುಗಿ ನೋಡಿಟ್ಟಿದ್ರು. ಹೂಂ ಅಂದುಬಿಟ್ಟೆ."

"ಅವತ್ತು ಖಂಡಿತ ಅಂದ್ಯಲ್ಲೋ!"

"ಅದಕ್ಕೂ ಮೊದ್ಲ ಎಷ್ಟೊತ್ತು ಸುಮ್ನ ಕುಂತಿದ್ದೆ. ನೀ ನೋಡ್ಲಿಲ್ಲೇನು?"

ಮಂತ್ರಿಗಳನ್ನೆಲ್ಲ ಹಿಗ್ಗಾಮುಗ್ಗಾ ಝಾಡಿಸುವ ಮಹಾಶಯ! ಬೈಯೋಣವೆಂದು ಬಾಯಿ ತೆರೆದರೆ ಅಳು ನುಗ್ಗಿ ಬಂತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ನೋಡಿದರೆ ನೋಡಲಿ ಅಂತ ಅತ್ತೆ. ಕಾರ್ಯಕ್ರಮ ಅಲ್ಲಿಗೆ ನಿಂತುಹೋಯಿತು.

ಕೆಲವು ತಿಂಗಳ ಮೇಲೆ ಕುಮಾರಸ್ವಾಮಿ ಲೇಔಟಿನ ಆ ಹುಡುಗಿಯಿಂದ ಮತ್ತೊಂದು ಮೇಲ್ ಬಂತು. ಅವನ ಉತ್ತರ ಕೇಳಿ ಧೈರ್ಯ ಬಂತಂತೆ, ಮೆಚ್ಚಿದವನನ್ನೇ ರಿಜಿಸ್ಟರ್ ಮದುವೆ ಆಗುತ್ತಾಳಂತೆ, ಸಾಕ್ಷಿಗೆ ನಾವಿಬ್ಬರೂ ಬರಲೇಬೇಕಂತೆ. ನಾನೊಬ್ಬಳೇ ಹೋದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾರ ಹಿಡಿದು ನಿಂತಿದ್ದವಳು ನನ್ನ ಹಿಂದಿನ ಬಾಗಿಲನ್ನೇ ನೋಡುತ್ತಿದ್ದಳು.

"ಸಾರ್ ಬರ್ಲಿಲ್ವಾ ಅಕ್ಕಾ? ಅವ್ರಿಂದಾನೇ ಅಲ್ವಾ ಇದೆಲ್ಲ."

ಅವನ ಮದುವೆ ಆಗಲೇ ಮುಗಿದಿತ್ತು. "ಊರಲ್ಲಿದಾರಮ್ಮ" ಅಂದು, ಪಕ್ಕದವರಿಂದ ಪೆನ್ನು ಇಸಿದುಕೊಂಡು, ಅವಳ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿದೆ.