ಮಾವನವರಿಗೊಂದು ಗೋಡೆ, ಗೋಡೆಗೆ ಹಗುರ ಪುಟ್ಟಿ

ನಮ್ಮ ಮನೆಯವರ ಕೈಗೆ ಡ್ರಿಲ್ ಮಷೀನು ಕೊಡಬಾರದು ಅಂತ ನನಗೆ ಗೊತ್ತಾದದ್ದು ಘಣಸೋಲಿಯ ಫ್ಲ್ಯಾಟಿಗೆ ಬಂದ ಮೇಲೆ. ಬ್ಯಾಂಕಿನಲ್ಲಿ ಎಸಿ ಕೆಳಗೆ ಕೂತು ಸಹಿ ಹಾಕುವ ಪ್ರಾಣಿ ಇವರು. ಪಕ್ಕದ ಮನೆಯಿಂದ ಮಷೀನು ತಂದು ಹಾಲಿನ ಗೋಡೆಗೆ ಇಟ್ಟರು. ಒಂದು ಕಡೆ ಕಾಂಕ್ರೀಟು ತಗುಲಿ ಮಷೀನೇ ಅರಚಿಕೊಂಡಿತು, ಇನ್ನೊಂದು ಕಡೆ ಗಾರೆ ಹಿಟ್ಟಿನ ಹಾಗೆ ಸೋಫಾದ ಮೇಲೆ ಸುರಿಯಿತು. ಸಂಜೆಯೊಳಗೆ ನಮ್ಮ ಹೊಸ ಗೋಡೆಗೆ ಸಿಡುಬು ಬಂದಿತ್ತು.

ಇಷ್ಟೆಲ್ಲ ರಂಪ ಮಾವನವರ ಫೋಟೊಗಾಗಿ. ಉಡುಪಿ ಕಡೆಯಿಂದ ಬಂದು ಕಲ್ಯಾಣದಲ್ಲಿ ಪುಟ್ಟ ಹೋಟೆಲು ನಡೆಸಿದವರು ಅವರು. ಅವರು ತೀರಿಕೊಂಡ ಮೇಲೆ, ಅತ್ತೆಯಿದ್ದ ಹಳೇ ಬಿಲ್ಡಿಂಗು ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು. ನಮ್ಮಲ್ಲಿಗೆ ಬನ್ನಿ ಅಂದರೆ ಅತ್ತೆಯದು ಒಂದೇ ಷರತ್ತು.

"ಬಾಗಿಲು ತೆಗೆದ ಕೂಡಲೇ ಅವರು ಗೋಡೆಯಲ್ಲಿ ಕಾಣಬೇಕು. ಇಲ್ಲದಿದ್ರೆ ನಾನು ಡೊಂಬಿವಲಿಗೆ ಮಗಳ ಹತ್ರ ಹೋಗ್ತೇನೆ, ನಂಗೆಂತ ತೊಂದರೆ ಇಲ್ಲ."

ನಾದಿನಿಯ ಮನೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ಅತ್ತೆ ಬೇಕಿತ್ತು. ಅಮ್ಮನಿಲ್ಲದೆ ಮೈಸೂರಿನಲ್ಲಿ ಬೆಳೆದ ನನಗೆ ಜಡೆ ಹೆಣೆದು ಬೈದವರು ಅವರೊಬ್ಬರೇ. ಅವರು ಹೊರಟುಹೋದರೆ ಈ ಮನುಷ್ಯನನ್ನು ನನ್ನ ಜೊತೆ ಬೈಯಲು ಯಾರಿದ್ದರು?

ತೂತು ಮುಚ್ಚಲು ಹಾರ್ಡ್‌ವೇರ್ ಅಂಗಡಿಗೆ ಇಬ್ಬರೂ ಹೋದೆವು. ನಾನು ವೈಟ್ ಸಿಮೆಂಟು ಅಂದೆ. ಇವರ ಕಣ್ಣು ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಬಿತ್ತು. ಕಲಸುವ ಕೆಲಸವಿಲ್ಲದ, ಹತ್ತಿಯಷ್ಟು ಹಗುರದ ರೆಡಿಮೇಡ್ ಪುಟ್ಟಿ.

"ನೋಡೇ, ಹಗುರ ಇದ್ರೆ ಗೋಡೆಗೆ ಭಾರ ಬೀಳಲ್ಲ," ಅಂದರು.

"ರೀ, ಗೋಡೆಗೇನು ಸೊಂಟನೋವಾ?" ಅಂದೆ.

ಕೇಳುವ ಜನ್ಮವೇ ಅದು? ಡಬ್ಬಿ ಮನೆಗೆ ಬಂತು. ಮಗಳು ಬೆರಳಲ್ಲಿ ಮುಟ್ಟಿ, "ಪಪ್ಪಾ, ಯೇ ತೋ ಕೇಕ್ ಕಾ ಕ್ರೀಮ್ ಹೈ!" ಅಂದಳು.

ಹೊಗಳಬೇಕಾದದ್ದನ್ನು ಹೊಗಳುತ್ತೇನೆ. ಸಣ್ಣ ತೂತುಗಳಿಗೆ ಅದು ಬಹಳ ಚೆನ್ನಾಗಿತ್ತು. ಅಗಲ ಚಾಕುವಿನಿಂದ ಎಳೆದರೆ ಸಾಕು, ಬೇಗ ಒಣಗಿತು, ಬಿರುಕು ಬಿಡಲಿಲ್ಲ, ಪಾಲಿಶ್ ಕಾಗದವನ್ನು ಮೆಲ್ಲಗೆ ಆಡಿಸಿದರೆ ನುಣುಪು. ಇವರು ಗೋಡೆ ಸವರಿ ಸವರಿ ಬೀಗಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಪುಣ್ಯಾತ್ಮರು!

ಆದರೆ ಬಾಗಿಲಿಗೆ ಸರಿಯಾಗಿ ಎದುರಿದ್ದದ್ದು ಎಲ್ಲಕ್ಕಿಂತ ದೊಡ್ಡ ತೂತು. ಅದರೊಳಕ್ಕೂ ಅದೇ ಕ್ರೀಮು ತುಂಬಿ, ಒಣಗಿದ ಮೇಲೆ ಅದಕ್ಕೇ ಮೊಳೆ ಹೊಡೆದರು. ಮೊಳೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ನಾನು ಬೇಡ ಬೇಡ ಅಂದರೂ ಕೇಳದೆ, ಸಾಗುವಾನಿ ಚೌಕಟ್ಟು, ದಪ್ಪ ಗಾಜು ಎಲ್ಲ ಸಮೇತ ಮಾವನವರನ್ನು ಅದರ ಮೇಲೆ ಏರಿಸಿದರು.

ಭಾನುವಾರ ಅತ್ತೆ ಬಂದರು. ಬಾಗಿಲಲ್ಲೇ ನಿಂತು ಗೋಡೆ ನೋಡಿದರು, ಮುಖ ಅರಳಿತು. ಕಲ್ಯಾಣದ ಮಾರ್ಕೆಟಿನಿಂದ ತಂದಿದ್ದ ದಪ್ಪನೆಯ ಚೆಂಡುಹೂವಿನ ಹಾರವನ್ನು ಮಗನ ಕೈಗೆ ಕೊಟ್ಟರು. ಇವರು ಹಾರ ಹಾಕಿ, ಎರಡು ಹೆಜ್ಜೆ ಹಿಂದೆ ಬಂದು ಕೈ ಮುಗಿದರು. ಮಾವನವರು ಹಾರ ಸಮೇತ ಗೋಡೆ ಸವರಿಕೊಂಡು ಕೆಳಗಿಳಿದು ಸೋಫಾದ ಮೇಲೆ ಧೊಪ್ಪನೆ ಕೂತರು. ಗಾಜು ಒಡೆಯಲಿಲ್ಲ. ಮೇಲಿನಿಂದ ಬಿಳೀ ಪುಡಿ ಉದುರುತ್ತಿತ್ತು.

ಹಾರ ಹಾಕುವಾಗಲೇ ಫೋಟೊ ಬೀಳುವುದೆಂದರೆ! ಇನ್ನು ಡೊಂಬಿವಲಿಯೇ ಗತಿ ಅಂದುಕೊಂಡೆ. ಇವರು ಬೆವರೊರೆಸಿಕೊಂಡು, "ಅಮ್ಮಾ, ಈಗಲೇ ಬೇರೆ ಮೊಳೆ ಹೊಡೀತೇನೆ," ಅಂತ ಫೋಟೊ ಎತ್ತಲು ಬಗ್ಗಿದರು.

ಅತ್ತೆ ಮಗನ ಕೈಗೆ ಪಟ್ ಅಂತ ಹೊಡೆದರು. ಹೋಗಿ ಫೋಟೊದ ಪಕ್ಕದಲ್ಲಿ ಕೂತು, ಸೆರಗಿನಿಂದ ಗಾಜಿನ ಮೇಲಿನ ಪುಡಿ ಒರೆಸಿದರು.

"ಬೇಡ ಮಾರಾಯ. ಇಡೀ ಜನ್ಮ ದೋಸೆ ಕಾವಲಿ ಎದುರು ನಿಂತೇ ಕಳೆದ್ರು. ನನ್ನ ಹತ್ರ ಒಂದು ಗಳಿಗೆ ಕೂತವರಲ್ಲ. ಈಗಾದ್ರೂ ಕೂತ್ಕೊಳ್ಳಲಿ."